ನಮ್ಮ ಮಾಳಿಗೆಯ ಮೇಲಿನ ಗೆಗ್ ಮಾತು

ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವಾಗ ಯಾರೂ ‘ಬರ್ರಿ’ ಎನ್ನುವುದಿಲ್ಲ, ‘ಹಾಯ್ದೆ!’ ಎನ್ನುತ್ತೇವೆ. ಅದು ಬಾಯಿಗೆ ಎಷ್ಟು ರೂಢಿಯಾಗಿದೆಯೆಂದರೆ, ಕೇಳಿದವರಿಗೆ ವಿಚಿತ್ರವಾಗಬಹುದು ಎಂಬುದೇ ನಮಗೆ ಮರೆತುಹೋಗಿದೆ. ಹೋದ ವಾರ ಆಳಂದದಿಂದ ನನ್ನ ದೊಡ್ಡಮ್ಮನ ಮಗ ಬಂದಿದ್ದ. ಅಡುಗೆಮನೆಯಿಂದ ನಮ್ಮ ಅತ್ತೆ “ಹಾಯ್ದೆ!” ಎಂದು ಕೂಗಿದ್ದೇ ತಡ, ಅವನು ಕುರ್ಚಿಯಿಂದ ಧಡಕ್ಕನೆ ಎದ್ದು, “ಯಾರಿಗಿ ಹಾಯ್ತು? ಎತ್ತೋ, ಎಮ್ಮೆಯೋ?” ಎಂದು ಅಂಗಳಕ್ಕೆ ಓಡಿದ. ಅಂಗಳದಲ್ಲಿ ನಮ್ಮ ಮನೆಯವರ ಮೋಟರ್ ಸೈಕಲ್ ಬಿಟ್ಟರೆ ಹಾಯುವಂಥದ್ದು ಏನೂ ಇರಲಿಲ್ಲ. ಅವನನ್ನು ಒಳಗೆ ಕರೆತಂದು ತಾಟಿನ ಮುಂದೆ ಕೂರಿಸಿ, ಇದು ಎತ್ತು ಹಾಯುವ ಮಾತಲ್ಲಪ್ಪ, ‘ಬಾ, ನಡಿ’ ಎನ್ನುವುದಕ್ಕೆ ಅಲ್ಬೇನಿಯಾ ದೇಶದವರು ಆಡುವ ಮಾತು ಎಂದೆ. ಅವನು ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಎತ್ತು ಹಾಯ್ದದ್ದು ನನಗೇ ಇರಬೇಕು ಎನ್ನುವಂತಿತ್ತು.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಸ್ವಲ್ಪ ಅಡ್ಡದಾರಿ ಹಿಡಿದರೆ ಸಹಿಸಿಕೊಳ್ಳಿ. ಇಂಗ್ಲಿಷ್ ಪಾಠ ಮಾಡುವವರಿಗೆ ನೇರವಾಗಿ ಹೇಳುವ ಅಭ್ಯಾಸ ತಪ್ಪಿರುತ್ತದೆ.

ನಾನು ಜೇವರ್ಗಿಯ ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಮನೆಯವರದು ಊರ ಹೊರಗೆ ಒಂದು ದಾಲ್ ಮಿಲ್. ಇಜೇರಿ ಕಡೆಯ ತೊಗರಿ ಬಂದು ಅಲ್ಲಿ ಬೇಳೆಯಾಗುತ್ತದೆ. ಒಂದು ವರ್ಷ ಅವರು ಬೇಳೆಯ ಬಣ್ಣ ನೋಡಿ ಕಪ್ಪು ಕಾಳನ್ನು ಬೇರೆ ಮಾಡುವ ಮಷೀನೊಂದನ್ನು ಇಟಲಿಯಿಂದ ತರಿಸಿದರು. ಅದನ್ನು ಜೋಡಿಸಲು ಕಂಪನಿಯವರು ಒಬ್ಬ ತಂತ್ರಜ್ಞನನ್ನು ಕಳಿಸಿದರು. ನಲವತ್ತರ ಆಸುಪಾಸಿನ, ಎತ್ತರದ, ಕಡಿಮೆ ಮಾತಿನ ಮನುಷ್ಯ. ಇಟಲಿಯಲ್ಲಿ ಕೆಲಸ ಮಾಡುತ್ತಿದ್ದರೂ ಹುಟ್ಟಿದ್ದು ಅಲ್ಬೇನಿಯಾದ ಉತ್ತರಕ್ಕೆ, ಶ್ಕೋಡರ್ ಎಂಬ ಊರಿನ ಮೇಲಿನ ಗುಡ್ಡದಲ್ಲಿ. ಹೆಸರು ಝೆಫ್. ಮಿಲ್ಲಿನವರ ಬಾಯಲ್ಲಿ ಅದು ಮೊದಲ ದಿನವೇ ‘ಜಾಫರ್ ಸಾಬ್’ ಆಯಿತು. ಶುಕ್ರವಾರ ಮಧ್ಯಾಹ್ನ ನಮ್ಮ ಫಿಟ್ಟರ್ ಮಹಬೂಬ್ ಅವನನ್ನು ನಮಾಜಿಗೆ ಕರೆದದ್ದೂ ಉಂಟು. ತಾನು ಕ್ರೈಸ್ತ ಎಂದು ಅವನು ಕೊರಳಿನ ಸರ ತೋರಿಸಿದ ಮೇಲೂ ಹೆಸರು ಮಾತ್ರ ಬದಲಾಗಲಿಲ್ಲ.

ದುಭಾಷಿಯಾಗಿ ನನ್ನನ್ನೇ ಕರೆಸಿದರು. ಇಂಗ್ಲಿಷ್ ಮೇಡಂ ಮನೆಯಲ್ಲೇ ಇರುವಾಗ ಹೊರಗಿನವರು ಯಾಕೆ ಬೇಕು ಎಂದು ನಮ್ಮ ಮನೆಯವರಿಗೆ ಹೆಮ್ಮೆ. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಹೋದೆ. ಝೆಫ್ ಮಷೀನಿನ ಹಿಂಭಾಗ ತೋರಿಸಿ “ಅರಿಯಾ, ಅರಿಯಾ” ಎಂದ. ಜಾಗ ಸಾಲದಂತೆ, ದೊಡ್ಡ ಏರಿಯಾ ಬೇಕಂತೆ ಎಂದು ನಾನು ಅನುವಾದಿಸಿದೆ. ಹಮಾಲರು ಅರ್ಧ ದಿನ ಚೀಲ ಹೊತ್ತು ಜಾಗ ಖಾಲಿ ಮಾಡಿದರು. ಅವನು ಇನ್ನೂ ಜೋರಾಗಿ “ಅರಿಯಾ!” ಎಂದ. ನಮ್ಮ ಮನೆಯವರು ಗೋಡೆ ಒಡೆಸುವ ಮಾತಿಗೆ ಬಂದಾಗ ಅವನು ಕೆನ್ನೆ ಉಬ್ಬಿಸಿ ಉಫ್ ಎಂದು ಊದಿ ತೋರಿಸಿದ. ಅವನು ಕೇಳುತ್ತಿದ್ದದ್ದು ಗಾಳಿ, ಕಂಪ್ರೆಸರಿನ ಗಾಳಿ. ಇಟಲಿಯವರ ಭಾಷೆಯಲ್ಲಿ ಗಾಳಿಗೆ ಹಾಗೆನ್ನುತ್ತಾರೆ.

ಲಾಡ್ಜಿನ ಊಟ ಅವನ ಹೊಟ್ಟೆಗೆ ಒಗ್ಗಲಿಲ್ಲ. ನಮ್ಮ ಅತ್ತೆಗೆ ವಿಷಯ ತಿಳಿದು, “ಪರದೇಶದ ಮನಷ್ಯಾ ನಮ್ಮ ಕೆಲಸಕ್ಕ ಬಂದು ಹೊಟ್ಟಿ ಕೆಡಿಸ್ಕೊಂಡು ಮಲಗೋದಂದ್ರ ಹೆಂಗ? ಮಾಳಿಗಿ ಮ್ಯಾಲಿನ ಖೋಲಿ ಖಾಲಿ ಅದ. ಅಲ್ಲಿ ಇರ್ಲಿ” ಎಂದರು. ಹಾಗೆ ಅವನು ನಮ್ಮ ಮನೆಗೆ ಬಂದ.

ಬಂದ ದಿನ ಅವನ ಕೈ ಪೂರ್ತಿ ಗ್ರೀಸು. ಮಹಬೂಬ್ ಅವನ ಪೆಟ್ಟಿಗೆ ಹೊತ್ತು ಹಿಂದೆ ನಿಂತಿದ್ದ. ಅತ್ತೆ ಒಳಗಿನಿಂದ, “ಸುನಂದಾ, ಅವಗ ಸಾಬೂನ ಕೊಡ್ ಬೇ” ಎಂದರು. ಝೆಫ್ ತಟ್ಟನೆ ತಲೆ ಎತ್ತಿದ.

“ಸಾಪುನ್?” ಎಂದು ಕೇಳಿ, ಕೈ ಉಜ್ಜುವಂತೆ ಮಾಡಿದ.

“ಹೌದ್ರಿ, ಸಾಬೂನ್” ಎಂದ ಮಹಬೂಬ್. ಏನೋ ಹೊಳೆದವನಂತೆ ಅಂಗಿಯ ಜೇಬು ತೋರಿಸಿ “ಜೇಬ್?” ಎಂದ.

“ಜೆಪ್!” ಎಂದ ಝೆಫ್.

ಮಹಬೂಬ್ ಬೀದಿಯ ಕಿರಾಣಿ ಅಂಗಡಿಯತ್ತ ಕೈ ಮಾಡಿ “ದುಕಾನ್?” ಎಂದರೆ ಅವನು “ದ್ಯುಚಾನ್” ಎಂದ. ದುನಿಯಾ ಎಂದರೆ ದ್ಯುನ್ಯಾ. ದುಶ್ಮನ್ ಎಂದರೆ ಅಲ್ಲಿಯೂ ದುಶ್ಮನ್ನೇ. ಹಾಜರ್ ಎಂಬುದೂ ಇತ್ತು. ಕೊನೆಗೆ ಝೆಫ್ ತನ್ನ ಎದೆ ಮುಟ್ಟಿಕೊಂಡು “ಮುಸಾಫಿರ್” ಎಂದ. ಅವರಲ್ಲಿ ಅದಕ್ಕೆ ಅತಿಥಿ ಎಂದರ್ಥ, ನಮ್ಮಲ್ಲಿ ಪ್ರಯಾಣಿಕ. ಎರಡೂ ಅವನಿಗೆ ಒಪ್ಪುತ್ತಿದ್ದವು. ಗ್ರೀಸು ಮೆತ್ತಿದ ಕೈಯನ್ನು ಮುಂದೆ ಚಾಚಿಕೊಂಡೇ ಅವನು ಬಹಳ ಹೊತ್ತು ನಿಂತಿದ್ದ, ಮುಖದ ತುಂಬ ನಗು. ಇಂಗ್ಲಿಷ್ ಮೇಡಂ ಸಾಬೂನಿನ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

ಅಲ್ಲಿ ತುರ್ಕರು ಆಳಿದ್ದರು, ಇಲ್ಲಿ ನಿಜಾಮರು. ಎರಡು ದರಬಾರಿನಲ್ಲೂ ಫಾರಸಿ, ಅರಬ್ಬಿ ಮಾತುಗಳಿಗೆ ಮರ್ಯಾದೆ. ಅಲ್ಲಿಂದ ಅವು ಇಳಿದು ಬಂದು ಅವರ ಗುಡ್ಡದಲ್ಲೂ ನಮ್ಮ ಕರಿಮಣ್ಣಿನಲ್ಲೂ ಉಳಿದುಕೊಂಡವು. ಇದನ್ನು ನಾನು ಹೇಳಿದಾಗ ಝೆಫ್, “ಇವುಗಳಲ್ಲಿ ಕೆಲವನ್ನು ನಮ್ಮ ದೇಶದಲ್ಲಿ ಎಲ್ಲರೂ ಆಡುತ್ತಾರೆ. ಕೆಲವನ್ನು ನನ್ನ ತಾಯಿಯಂಥವರು ಮಾತ್ರ. ಶಾಲೆಯಲ್ಲಿ ಆಡಿದರೆ ಮೇಷ್ಟ್ರು ಪುಸ್ತಕದ ಮಾತು ಆಡು ಎನ್ನುತ್ತಿದ್ದರು” ಎಂದ. ಅವನ ಇಂಗ್ಲಿಷ್ ಅಷ್ಟು ಸುಸೂತ್ರವಾಗಿರಲಿಲ್ಲ. ನಾನು ಕನ್ನಡದಲ್ಲಿ ಸರಿ ಮಾಡಿ ಹೇಳುತ್ತಿದ್ದೇನೆ.

ದಿನಾ ಸಂಜೆ ಅವನು ಮಾಳಿಗೆಯ ಮೆಟ್ಟಿಲ ಮೇಲೆ ಕುಳಿತು ತಾಯಿಗೆ ಫೋನ್ ಮಾಡುತ್ತಿದ್ದ. ಆಕೆಗೆ ಕಿವಿ ಮಂದ. ಹಾಗಾಗಿ ಸ್ಪೀಕರ್ ಹಾಕಿ ಇವನೂ ಕೂಗುತ್ತಿದ್ದ, ಆಕೆಯೂ ಕೂಗುತ್ತಿದ್ದಳು. ಇಡೀ ಓಣಿಗೆ ಕೇಳಿಸುತ್ತಿತ್ತು. ಹಗಲೆಲ್ಲ ಎರಡು ಮಾತಾಡದ ಮನುಷ್ಯ, ಆ ಹೊತ್ತಿಗೆ ಬೇರೆಯೇ ಆಗಿಬಿಡುತ್ತಿದ್ದ. ದನಿ ಮೂಗಿನೊಳಗಿಂದ ಬರುತ್ತಿತ್ತು, ಭುಜ ಕುಣಿಯುತ್ತಿತ್ತು, ಮಾತಿನ ಮಧ್ಯೆ “ಪೋ, ನಾನ, ಪೋ” ಎಂದು ತಲೆಯಾಡಿಸುತ್ತಿದ್ದ.

ಅತ್ತೆಗೆ ದೊಡ್ಡಾಟ ನೋಡಿ ‘ಪೋಗು ಪೋಗು’ ಗೊತ್ತು. ಓಣಿಯ ಮುಸಲ್ಮಾನರ ಮನೆಗಳಿಂದ ‘ನಾನಾ’ ಎಂದರೆ ತಾಯಿಯ ತಂದೆ ಎಂದೂ ಗೊತ್ತು. “ಯಾಕ ಬೇ, ಈ ಹುಡುಗ ದಿನಾ ಅವರಜ್ಜಗ ಪೋಗು ಪೋಗು ಅಂತ ಬೈತಾನ? ಮುದುಕಗ ಹಂಗ ಅನ್ನಬಾರ್ದು” ಎಂದು ನನ್ನ ಬಳಿ ಬೇಸರ ಮಾಡಿಕೊಂಡರು. ಕೇಳಿದರೆ, ‘ಪೋ’ ಎಂದರೆ ಹೌದು. ‘ನಾನ’ ಎಂದರೆ ಅಮ್ಮ. “ಹೌದಮ್ಮಾ, ಹೌದು.” ಅಷ್ಟೇ.

ನಾನೂ ಏನು ಕಡಿಮೆಯಿಲ್ಲ. ಆಕೆ ದಿನಾ ಫೋನಿನಲ್ಲಿ ಮೊದಲು ಕೇಳುತ್ತಿದ್ದ ಮಾತು, “ಆ ಕೆ ಹಂಗರ್ ಬುಕ್?” ಹಂಗರ್ ಎಂದರೆ ಹಸಿವು, ಬುಕ್ ಎಂದರೆ ಪುಸ್ತಕ. ಮಗನ ಓದಿನ ಹಸಿವಿನ ಬಗ್ಗೆ ತಾಯಿ ವಿಚಾರಿಸುತ್ತಿದ್ದಾಳೆ, ಎಂಥ ಸಂಸ್ಕಾರವಂತ ಮನೆತನ ಎಂದು ನಾನು ಅತ್ತೆಗೆ ವಿವರಿಸಿದೆ. ಅತ್ತೆ ಸೊಪ್ಪು ಸೋಸುತ್ತ, “ಉಂಡ್ಯಾ ಅಂತ ಕೇಳಾಕತ್ತಾಳ ಬಿಡು. ಊರು ಬಿಟ್ಟು ಹೋದ ಮಗಗ ಮತ್ತೇನು ಕೇಳ್ತಾಳ” ಎಂದರು. ಝೆಫ್‌ನನ್ನು ಕೇಳಿದೆ. ಬುಕ್ ಎಂದರೆ ರೊಟ್ಟಿ. ರೊಟ್ಟಿ ತಿಂದೆಯಾ ಎಂದು ಆಕೆ ಕೇಳುತ್ತಿದ್ದಳು.

ಆ ಸಂಜೆ ಅವನು ಮಾಳಿಗೆಯ ಕಟ್ಟೆಯ ಧೂಳಿನಲ್ಲಿ ಬೆರಳಿನಿಂದ ಅಡ್ಡಗೆರೆ ಎಳೆದ. “ಇದು ಶ್ಕುಂಬಿನ್ ನದಿ. ಇದರ ಮೇಲೆ ಉತ್ತರಕ್ಕೆ ಇರುವವರು ಆಡುವುದು ಗೆಗ್. ಕೆಳಗೆ ದಕ್ಷಿಣದವರು ಆಡುವುದು ಟೋಸ್ಕ್. ಎರಡೂ ಅಲ್ಬೇನಿಯಾದ ಮಾತೇ. ಆದರೆ ಪುಸ್ತಕದ ಭಾಷೆ ಮಾಡುವಾಗ ಹೆಚ್ಚಿನದನ್ನು ದಕ್ಷಿಣದಿಂದ ತೆಗೆದುಕೊಂಡರು” ಎಂದ. ತಮ್ಮ ತಾಯಂದಿರ ಮೂಗಿನ ದನಿಗೆ ಪುಸ್ತಕದಲ್ಲಿ ಅಕ್ಷರವಿಲ್ಲ ಎಂದ. “ಬರಾಕತ್ತೇನಿ” ಎನ್ನಲು ಗೆಗ್ ಆಡುವವರು “ಯಾಮ್ ತುಯ್ ಆರ್ಧ್” ಎಂದರೆ, ಪುಸ್ತಕದವರು “ಪೋ ವಿಯ್” ಎನ್ನುತ್ತಾರೆ. “ತಿನ್ನಲು”, “ಹೋಗಲು” ಎಂದು ಗೆಗ್ಗಿನಲ್ಲಿ ನೇರವಾಗಿ ಹೇಳಬಹುದು. ಪುಸ್ತಕದಲ್ಲಿ ಆ ರೂಪವೇ ಇಲ್ಲ, ಸುತ್ತಿ ಬಳಸಿ ಹೇಳಬೇಕು. ಅವನ ಫೋನಿನಲ್ಲಿ ಮಾತು ಕೇಳಿ ಅನುವಾದಿಸುವ ಸೌಲಭ್ಯವಿತ್ತು. ತಾಯಿಯ ದನಿ ಕೇಳಿಸಿದರೆ ಅದು ಸುಮ್ಮನೆ ಚುಕ್ಕಿ ತಿರುಗಿಸುತ್ತ ಕೂರುತ್ತಿತ್ತು. ಪರೀಕ್ಷೆಗೆಂದು ನಮ್ಮ ಅತ್ತೆಯ ಬಾಯಿಗೆ ಹಿಡಿದೆವು. ಅತ್ತೆ ಪ್ರೀತಿಯಿಂದ “ಉಂಡ ಮ್ಯಾಲ ಸ್ವಲ್ಪ ಅಡ್ಡಾಗಪಾ” ಎಂದರು. ಊಟದ ನಂತರ ಸ್ವಲ್ಪ ಅಡ್ಡಿಯಾಗು ಎಂದು ಫೋನು ಇಂಗ್ಲಿಷಿನಲ್ಲಿ ಆಜ್ಞೆ ಮಾಡಿತು.

ಭೀಮಾ ನದಿಯ ಆಚೆ ದಂಡೆಯ ಮಣ್ಣೂರು ನನ್ನ ತವರು, ಅಫಜಲಪುರ ತಾಲೂಕು. ಮಹಾರಾಷ್ಟ್ರ ಹತ್ತಿರ. ನಮ್ಮ ಮಾತಿನಲ್ಲಿ ಮರಾಠಿ ಧಾರಾಳ. ನನ್ನ ಅವ್ವನ ಫೋನ್ ಬಂದರೆ ನಾನೂ ಬೇರೆ ಹೆಂಗಸಾಗುತ್ತೇನೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಹಾಗಾಗಿ ಕಟ್ಟೆಯ ಮೇಲಿನ ಆ ಗೆರೆ ನನಗೆ ಬೇಗ ಅರ್ಥವಾಯಿತು.

ಅವನಿಗೆ ಆ ಗೆರೆ ಮನೆಯೊಳಗೇ ಇತ್ತು. ಹೆಂಡತಿ ದಕ್ಷಿಣದವಳು, ವ್ಲೋರಾ ಎಂಬ ಕಡಲೂರಿನವಳು. ಹೆಸರು ಅನಿಲಾ. “ಅನಿಲಾ ಅಂದ್ರ ನಮ್ಮ ಪೈಕಿ ಹೆಸರೇ ಆಯ್ತಲ್ಲ” ಎಂದು ಅತ್ತೆಗೆ ಬಹಳ ಸಮಾಧಾನ. ಇಬ್ಬರೂ ಇಟಲಿಯಲ್ಲಿ ಪರಿಚಯವಾಗಿ, ಮದುವೆಗೆ ಝೆಫ್‌ನ ಗುಡ್ಡದ ಹಳ್ಳಿಗೆ ಬಂದಿದ್ದರು. ಅವನ ತಾಯಿ ದ್ರಾನೆ, ಅತಿಥಿಗಳ ಮುಂದೆ ಬೀಗರಿಗೆ ಮನೆಯಲ್ಲಿ ಮಾಡಿದ ದ್ರಾಕ್ಷಾರಸ ಕೊಡುತ್ತ ಅದನ್ನು ‘ವೆನ’ ಎಂದಳು. ಗೆಗ್ಗಿನಲ್ಲಿ ಹಾಗೆ. ಟೋಸ್ಕಿನಲ್ಲಿ ಅದು ‘ವೆರ’. ಹೊಸ ಸೊಸೆ ನಗುತ್ತ “ವೆನ ಅಲ್ಲ, ವೆರ” ಎಂದಳು. ಬೀಗರೂ ನಕ್ಕರು. ತಮಾಷೆ ಅಷ್ಟೇ, ಯಾರ ಮನಸ್ಸಿನಲ್ಲೂ ಏನೂ ಇರಲಿಲ್ಲ. ಆದರೆ ದ್ರಾನೆ ಲೋಟ ತುಂಬಿಸಿ ಒಳಗೆ ಹೋದವಳು, ಅಂದಿನಿಂದ ಅನಿಲಾಳ ಎದುರು ಮಾತು ನಿಲ್ಲಿಸಿದಳು. ಹೌದು, ಇಲ್ಲ, ಇಷ್ಟೇ. ಜಗಳವಿಲ್ಲ, ಕೋಪವಿಲ್ಲ. ಅನಿಲಾಗೆ ಕಾರಣ ತಿಳಿಯಲು ವರ್ಷಗಳೇ ಹಿಡಿದವು. ತಿಳಿದ ಮೇಲೆ ಕ್ಷಮೆ ಕೇಳಿದಳು, ಶಾಲು ತಂದಳು, ಸ್ವೆಟರ್ ತಂದಳು. ದ್ರಾನೆ ಎಲ್ಲಕ್ಕೂ ‘ಪೋ’ ಎಂದು ತಲೆಯಾಡಿಸಿ ತೆಗೆದುಕೊಂಡಳು. ಮಾತು ಮಾತ್ರ ಬರಲಿಲ್ಲ.

“ಮಕ್ಕಳು ಇಟಲಿಯ ಭಾಷೆ ಆಡುತ್ತಾರೆ. ಹೆಂಡತಿಯ ಜೊತೆ ನಾನೂ ಅವಳ ಹಾಗೆ ಮಾತಾಡುತ್ತೇನೆ. ಗೆಗ್ ಆಡಲು ನನಗೆ ಈ ಫೋನಿನ ತುದಿಯಲ್ಲಿರುವ ಒಬ್ಬಳೇ” ಎಂದ ಝೆಫ್. ಹೇಳಿ, ಕಟ್ಟೆಯ ಧೂಳು ಒರೆಸಿಬಿಟ್ಟ. “ನೀವೂ ನದಿ ದಾಟಿ ಬಂದವರು. ನಿಮಗೆ ಹೀಗೆ ಆಗಲಿಲ್ಲವೇ?” ಎಂದು ಕೇಳಿದ.

ಆಗಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ, ತುಂಬಿದ ಮನೆಯಲ್ಲಿ ನಾನು ವಿನಯದಿಂದ ಕೇಳಿದ್ದೆ: “ಅತ್ತಿ, ಭಕ್ರಿ ಮಾಡ್ಲೇನ್ರಿ?” ಮಣ್ಣೂರಿನಲ್ಲಿ ನಾವು ಜೋಳದ ರೊಟ್ಟಿಗೆ ಹಾಗೆನ್ನುತ್ತಿದ್ದೆವು. ಇಲ್ಲಿಯವರ ಕಿವಿಗೆ ಬಿದ್ದದ್ದು ಬಕ್ರಿ, ಅಂದರೆ ಆಡು. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಹೊಸ ಸೊಸೆ ಆಡು ಬೇಯಿಸಲೇ ಎಂದು ಕೇಳುತ್ತಿದ್ದಾಳೆ! ಮೈದುನರು ನಾನು ಕಂಡಾಗಲೆಲ್ಲ ಮ್ಯಾ ಎಂದು ಕೂಗತೊಡಗಿದರು. ನಾನು ಬಾಯಿ ಮುಚ್ಚಿಕೊಂಡೆ. ಕೇಳಿದ್ದಕ್ಕೆ ಹೂಂ, ಉಹೂಂ. ಎಂ.ಎ. ಓದಿದ ಸೊಸೆ ಗಂಭೀರ ಸ್ವಭಾವದವಳು ಎಂದು ಊರಲ್ಲಿ ಹೆಸರಾಯಿತು. ಒಂದು ದಿನ ಅತ್ತೆ ನಮ್ಮ ತವರಿನ ಶೇಂಗಾ ಚಟ್ನಿ ಮಾಡುತ್ತೇನೆಂದು ಕೂತು, ಅದಕ್ಕೆ ಬೆಲ್ಲ ಹಾಕಿ ಕುಟ್ಟತೊಡಗಿದರು. ಶೇಂಗಾ ಚಟ್ನಿಗೆ ಬೆಲ್ಲ! ನನ್ನ ಎದೆಯೇ ಒಡೆದಂತಾಗಿ, “ಹಂಗಲ್ರಿ ಅತ್ತಿ! ಬಿಡ್ರಿ ಇಲ್ಲೆ!” ಎಂದು ಕಿರುಚಿ ಒನಕೆ ಕಿತ್ತುಕೊಂಡೆ. ಆಮೇಲೆ ಮಾತು ನಿಲ್ಲಲೇ ಇಲ್ಲ. ಇಂದಿಗೂ ನಿಂತಿಲ್ಲ ಎಂದು ನಮ್ಮ ಮನೆಯವರ ದೂರು.

ಮಷೀನಿನ ಒಂದು ಭಾಗ ಬರುವಾಗಲೇ ಒಡೆದಿತ್ತು. ಬೇರೆಯದು ಮುಂಬೈ ಬಂದರಿನಲ್ಲಿ ಸಿಕ್ಕಿಕೊಂಡಿತ್ತು. ಝೆಫ್ ಕಾಯುತ್ತಿದ್ದ. ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಮನೆಗಳಲ್ಲಿ ಬೇಗ ಅಡುಗೆ ಮುಗಿಸಿ, ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗುತ್ತೇವೆ. ಅವನನ್ನೂ ಕರೆದುಕೊಂಡು ಹೋದೆವು. ಆಳೆತ್ತರದ ಬಿಳಿಜೋಳದ ನಡುವೆ ಭೂತಾಯಿಗೆ ಚರಗ ಚೆಲ್ಲಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಾಳು-ಸೊಪ್ಪಿನ ಭಜ್ಜಿ, ಕಡಬು ಬಡಿಸಿಕೊಂಡು ಕುಳಿತಾಗ ಝೆಫ್‌ಗೆ ತಾಯಿಗೆ ಇದನ್ನು ತೋರಿಸಬೇಕೆನಿಸಿತು. ವಿಡಿಯೋ ಕಾಲ್ ಮಾಡಿದ. ಅಲ್ಲಿ ಇನ್ನೂ ಬೆಳಗು. ಬಿಳಿ ವಸ್ತ್ರ ತಲೆಗೆ ಕಟ್ಟಿಕೊಂಡ, ಸುಕ್ಕುಗಟ್ಟಿದ ಮುಖದ ದ್ರಾನೆ ಪರದೆಯ ತುಂಬ ಬಂದಳು. ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು ಫೋನಿಗೆ ಮುಖ ಒಡ್ಡಿದರು.

ದ್ರಾನೆ ಏನೋ ಕೇಳಿದಳು: “ಆ ಯೆ ಲೋಧ್?”

ಝೆಫ್ ಬಾಯಿ ತೆರೆಯುವ ಮೊದಲೇ ಅತ್ತೆ, “ಆರಾಮ ಅದೀನವ್ವಾ. ನೀ ಆರಾಮ ಅದೀಯೇನು?” ಎಂದರು.

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಝೆಫ್, ನಮ್ಮ ಗುಡ್ಡದಲ್ಲಿ ಯಾರಾದರೂ ಎದುರಾದರೆ ಮೊದಲು ಕೇಳುವುದು ‘ದಣಿದಿದ್ದೀಯಾ?’ ಎಂದು, ಅಮ್ಮ ಅದನ್ನೇ ಕೇಳಿದಳು ಎಂದ. ದಣಿದಿದ್ದೀಯಾ ಎಂದರೆ ಆರಾಮ ಇದ್ದೇನೆ ಎಂಬುದೇ ತಕ್ಕ ಉತ್ತರ. ಆಮೇಲೆ ನಮ್ಮ ಅನುವಾದಕ್ಕೆ ಇಬ್ಬರೂ ಕಾಯಲಿಲ್ಲ. ಅತ್ತೆ ಭಜ್ಜಿಯ ಪಾತ್ರೆ ಎತ್ತಿ ತೋರಿಸಿದರು. ದ್ರಾನೆ ತನ್ನ ಒಲೆಯ ಮೇಲಿನ ಅವರೆಕಾಳಿನಂಥ ಯಾವುದೋ ಕಾಳಿನ ಗಡಿಗೆ ತೋರಿಸಿದಳು. ಇಬ್ಬರೂ ಕೂಗುತ್ತಲೇ ಇದ್ದರು. ಕೊನೆಗೆ ಫೋನಿನ ಬ್ಯಾಟರಿ ಸೋತಿತು. ಊಟಕ್ಕೆ ‘ಹಾಯ್ದೆ’ ಎಂದು ಕರೆಯುವುದನ್ನು ಅತ್ತೆ ಅವತ್ತು ದ್ರಾನೆಯ ಬಾಯಿಂದಲೇ ಕಲಿತರು.

ಇದಾದ ಕೆಲವೇ ದಿನಗಳಲ್ಲಿ, ಮಧ್ಯಾಹ್ನದ ಹೊತ್ತು ಮಿಲ್ಲಿನಲ್ಲಿದ್ದಾಗ ಝೆಫ್‌ಗೆ ಫೋನ್ ಬಂತು. ದ್ರಾನೆ ಅಂಗಳದಲ್ಲಿ ಗಟ್ಟಿಯಾದ ಹಿಮದ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ನೆರೆಯವರು ಆಸ್ಪತ್ರೆಗೆ ಒಯ್ದು, ಪ್ಲಾಸ್ಟರ್ ಹಾಕಿಸಿ ಮನೆಗೆ ತಂದಿದ್ದರು. ಝೆಫ್ ಫೋನು ಜೇಬಿಗಿಟ್ಟು ಮಷೀನಿನ ಮುಚ್ಚಳ ತೆಗೆದ. ಮತ್ತೆ ಹಾಕಿದ. ಮತ್ತೆ ತೆಗೆದ. ಮಹಬೂಬ್ ಬಂದು ಅವನ ಕೈಯಿಂದ ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು, “ಕುಂಡ್ರಿ ಸಾಬ್” ಎಂದು ಚೀಲದ ಮೇಲೆ ಕೂರಿಸಿದ.

ನಮ್ಮ ಮನೆಯವರು, “ಅವಗ ಹೇಳು, ಇವತ್ತೇ ಹೊಂಡ್ಲಿ. ಮಷೀನ್ ಎಲ್ಲಿ ಓಡಿ ಹೋಗಂಗಿಲ್ಲ” ಎಂದರು. ಹೊರಡಲು ಅವನೂ ಸಿದ್ಧ. ಆದರೆ ಹೊಸ ವರ್ಷದ ಹೊತ್ತು, ಯಾವ ವಿಮಾನದಲ್ಲೂ ಬೇಗ ಜಾಗವಿರಲಿಲ್ಲ. ಅವನು ಇನ್ನೂ ಹುಡುಕುತ್ತಿರುವಾಗಲೇ ಅನಿಲಾ ಫೋನ್ ಮಾಡಿದಳು. ಮಕ್ಕಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಇಟಲಿಯ ಬಂದರಿನಲ್ಲಿ ನಿಂತಿದ್ದಳು. ಹಡಗು ಹತ್ತಿ ಸಮುದ್ರ ದಾಟಿದರೆ ಆಚೆ ಅಲ್ಬೇನಿಯಾ. “ನೀನು ಅಲ್ಲಿಂದ ಬರುವಷ್ಟರಲ್ಲಿ ನಾನು ಅಮ್ಮನ ಹಾಸಿಗೆಯ ಪಕ್ಕ ಇರುತ್ತೇನೆ. ನಿನ್ನ ಕೆಲಸ ಮುಗಿಸಿ ಬಾ” ಎಂದಳಂತೆ.

ಅವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮೆಟ್ಟಿಲ ಮೇಲೆ ಕುಳಿತು, “ಅವಳು ಒಳ್ಳೆಯವಳು. ಚೆನ್ನಾಗಿ ನೋಡಿಕೊಳ್ಳುತ್ತಾಳೆ. ಆದರೆ ಅಮ್ಮ ಅವಳನ್ನು ನೀರು ಸಹ ಕೇಳುವುದಿಲ್ಲ. ನೋವಾದರೆ ನೋವು ಎನ್ನುವುದಿಲ್ಲ. ಬಾಯಾರಿಕೊಂಡೇ ಮಲಗಿರುತ್ತಾಳೆ” ಎಂದ. ಅತ್ತೆಗೆ ನಾನು ಇದನ್ನು ಹೇಳಿದಾಗ ಅವರ ಮುಖವೂ ಸಣ್ಣದಾಯಿತು.

ಹಾಗೆಯೇ ಆಯಿತು. ಝೆಫ್ ಫೋನ್ ಮಾಡಿದರೆ ಮೊದಲಿನ ಕೂಗಾಟವಿಲ್ಲ. ಅನಿಲಾ ಪಕ್ಕದಲ್ಲಿದ್ದಾಳೆಂದು ದ್ರಾನೆ ಮಗನ ಜೊತೆಗೂ ‘ಪೋ’ ಎಂದು ಸುಮ್ಮನಾಗುತ್ತಿದ್ದಳು. ಓಣಿ ಆ ಸಂಜೆಗಳಲ್ಲಿ ಬಿಕೋ ಎನ್ನಿಸುತ್ತಿತ್ತು. ಎದುರು ಮನೆಯವರು “ಜಾಫರ್ ಸಾಬ್ ಊರಿಗಿ ಹೋದ್ರೇನ್ರಿ?” ಎಂದು ಕೇಳಿದರು.

ಅನಿಲಾಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಒಂದು ಮಧ್ಯಾಹ್ನ ಝೆಫ್ ಫೋನು ನನ್ನ ಕೈಗೆ ಕೊಟ್ಟ. “ಏನು ಬೇಕು ಎಂದು ಇಡೀ ದಿನ ಕೇಳುತ್ತೇನೆ. ಏನೂ ಬೇಡ ಎನ್ನುತ್ತಾರೆ. ನಾನು ಬಂದು ಅವರಿಗೆ ಇನ್ನೂ ಕಷ್ಟ ಕೊಟ್ಟೆನೇನೋ” ಎಂದಳು. ನಾನು ಭಾಷೆ, ಉಪಭಾಷೆ, ಅಭಿಮಾನ ಎಂದು ಪಾಠ ಶುರು ಮಾಡುವುದರಲ್ಲಿದ್ದೆ. ಅತ್ತೆ, ಯಾರು, ಏನಂತೆ ಎಂದು ಕೇಳಿಕೊಂಡವರೇ ನನ್ನ ಕೈಯಿಂದ ಫೋನು ತೆಗೆದುಕೊಂಡರು.

“ಕೇಳಬ್ಯಾಡ ಬೇ ಅನಿಲಾ” ಎಂದರು, ಆಕೆ ನಮ್ಮ ಓಣಿಯವಳೇ ಎನ್ನುವಂತೆ. “ಹಾಸಿಗಿ ಹಿಡದ ಮುದುಕಿಗಿ ಏನು ಬೇಕು ಅಂತ ಕೇಳಿದ್ರ ಏನೂ ಬ್ಯಾಡ ಅಂತಾಳ. ನಾನಾದ್ರೂ ಹಂಗೇ ಅಂತೇನಿ. ನೀ ಎದ್ದು ಕೆಲಸ ಮಾಡು. ಆಕಿ ಅಡಗಿಮನಿಯಾಗ, ಆಕಿ ಎದರಗೇ ಮಾಡು. ತಪ್ಪಾದ್ರ ಆಗ್ಲಿ. ಆಕಿಗಿ ತಡಿಲಿಕ್ಕ ಆಗಂಗಿಲ್ಲ, ತಾನೇ ಬಾಯಿ ಬಿಡ್ತಾಳ.”

ನಾನು ಫೋನು ತಿರುಗಿ ಇಸಿದುಕೊಂಡು ಇದಷ್ಟನ್ನೂ ಅನಿಲಾಗೆ ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತಿರುವಾಗಲೇ ಶೇಂಗಾ ಚಟ್ನಿಯ ಬೆಲ್ಲ ಕಣ್ಣ ಮುಂದೆ ಬಂತು. ಅತ್ತೆಯ ಮುಖ ನೋಡಿದೆ. ಅವರು ಏನೂ ತಿಳಿಯದವರಂತೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದರು. ಆ ಬೆಲ್ಲ ಬೇಕೆಂದೇ ಹಾಕಿದ್ದಿರೇನು ಎಂದು ನಾನೂ ಕೇಳಲಿಲ್ಲ.

ಮುಂಬೈಯಿಂದ ಒಡೆದ ಭಾಗಕ್ಕೆ ಬದಲಿ ಬಂತು. ಝೆಫ್ ಊಟ ನಿದ್ದೆ ಬಿಟ್ಟವನಂತೆ ಕೆಲಸ ಮಾಡಿ ಅದನ್ನು ಜೋಡಿಸಿದ. ಮಷೀನು ಶುರುವಾಗಿ, ಹಳದಿ ಬೇಳೆ ಒಂದು ಕಡೆ, ಕಪ್ಪು ಕಾಳು ಒಂದು ಕಡೆ ಬೀಳತೊಡಗಿದಾಗ ಮಹಬೂಬ್ ಕಪ್ಪು ಕಾಳನ್ನು ಮುಷ್ಟಿಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದ. ನಮ್ಮ ಮನೆಯವರು ಪೇಢೆ ಹಂಚಿದರು. ಝೆಫ್ ಪೇಢೆ ಕೈಯಲ್ಲೇ ಹಿಡಿದು ನಿಂತಿದ್ದ, ತಿನ್ನಲಿಲ್ಲ. ವಿಮಾನದಲ್ಲಿ ಜಾಗ ಸಿಕ್ಕಿತ್ತು. ಮರುದಿನ ಬೆಳಿಗ್ಗೆ ಹೊರಡಬೇಕಿತ್ತು.

ಸಂಜೆ ಅವನು ಮೆಟ್ಟಿಲ ಮೇಲೆ ಕುಳಿತು ಫೋನ್ ಮಾಡಿದ. ನಾನೂ ಅತ್ತೆಯೂ ಅಂಗಳದಲ್ಲಿ ಹಪ್ಪಳ ತೆಗೆಯುತ್ತಿದ್ದೆವು. ಅನಿಲಾ ಎತ್ತಿದಳು. ಅವನು ಎರಡು ಮಾತು ಆಡಿರಬಹುದು, ಅಷ್ಟರಲ್ಲಿ ಆಚೆ ದೂರದಿಂದ ದ್ರಾನೆಯ ದನಿ ಬಂತು. ಮೂಗಿನ ದನಿ, ಮೊದಲಿನ ಹಾಗೆಯೇ ಓಣಿ ಕೇಳಿಸುವಂಥದ್ದು. ಅನಿಲಾ ಫೋನಿನಿಂದ ಮುಖ ತಿರುಗಿಸಿ ಏನೋ ಉತ್ತರ ಕೊಟ್ಟಳು. ದ್ರಾನೆ ಅದರ ಮೇಲೆ ಇನ್ನೊಂದು ಹೇಳಿದಳು, ಉದ್ದದ್ದು. ಅನಿಲಾಳೂ ಬಿಡಲಿಲ್ಲ. ಒಬ್ಬಳದು ಗೆಗ್, ಒಬ್ಬಳದು ಟೋಸ್ಕ್. ಯಾರೂ ಯಾರ ಮಾತನ್ನೂ ತಿದ್ದುತ್ತಿರಲಿಲ್ಲ, ತಿದ್ದಲು ಪುರುಸೊತ್ತೂ ಇರಲಿಲ್ಲ.

“ಏನಾಯ್ತು?” ಎಂದು ನಾನು ಗಾಬರಿಯಿಂದ ಮೆಟ್ಟಿಲ ಬಳಿ ಓಡಿದೆ.

ಝೆಫ್ ಕೈ ಎತ್ತಿ ನನ್ನನ್ನು ತಡೆದ. ಸ್ವಲ್ಪ ಹೊತ್ತು ಕೇಳಿಸಿಕೊಂಡು, ಸಣ್ಣ ದನಿಯಲ್ಲಿ ಹೇಳಿದ. ಅನಿಲಾ ಒಲೆಗೆ ಹಸಿ ಕಟ್ಟಿಗೆ ಒಟ್ಟಿದ್ದಾಳೆ. ಮನೆ ತುಂಬ ಹೊಗೆ. ನಿಮ್ಮ ಕಡಲೂರಿನಲ್ಲಿ ಒಲೆ ಹೊತ್ತಿಸಲು ಕಲಿಸಲಿಲ್ಲವೇ ಎಂದು ಅಮ್ಮ. ಕಟ್ಟಿಗೆ ಒಣಗಿದೆಯೋ ಹಸಿಯೋ ಎಂದು ಮೊದಲೇ ಬಾಯಿ ಬಿಟ್ಟು ಹೇಳಬಾರದಿತ್ತೇ ಎಂದು ಅವಳು. ಹೇಳಿದರೆ ನೀನೇನು ಕೇಳುವವಳೇ ಎಂದು ಅಮ್ಮ. ಇದು ಬೆಳಗಿನಿಂದ ನಡೆದಿದೆಯಂತೆ. ನಿನ್ನೆ ಹಿಟ್ಟು ನಾದುವುದರ ಬಗ್ಗೆ ನಡೆದಿತ್ತಂತೆ.

ನಾನು ಅತ್ತೆಗೆ ಹೇಳಿದೆ. ಅತ್ತೆ ಹಪ್ಪಳದ ಬಟ್ಟೆ ಝಾಡಿಸುತ್ತ, “ಬೈಯಾಕತ್ತಾಳೇನು? ಹಂಗಾರ ಆರಾಮ ಆಗ್ಯಾಳ. ಇವಗ ಹೇಳು, ಇನ್ನ ಕಾಲಿನ ಕಾಳಜಿ ಬಿಡು ಅಂತ” ಎಂದರು.

ಝೆಫ್‌ಗೆ ಅದನ್ನು ಹೇಳುವ ಹೊತ್ತು ಅದಾಗಿರಲಿಲ್ಲ. ಅವನ ಕಣ್ಣು ತುಂಬಿ, ಭುಜ ಕುಣಿಯುತ್ತಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. “ನಾನ” ಎಂದು ಒಮ್ಮೆ ಕರೆದ. “ಅನಿಲಾ” ಎಂದ. ಉತ್ತರ ಬರಲಿಲ್ಲ. ಒಲೆಯ ಹತ್ತಿರ ಎಲ್ಲೋ ಫೋನು ಇಟ್ಟು, ಅದರ ಇನ್ನೊಂದು ತುದಿಯಲ್ಲಿ ಅವನಿರುವುದನ್ನು ಇಬ್ಬರೂ ಮರೆತುಬಿಟ್ಟಿದ್ದರು. ಅವನು ಕಟ್ ಮಾಡಲಿಲ್ಲ. ಫೋನನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಓಣಿಗೆಲ್ಲ ಕೇಳಿಸುವಂತೆ ಅದರ ದನಿಯನ್ನು ಇನ್ನಷ್ಟು ಏರಿಸಿ ಕುಳಿತ.